ಅಮ್ಮನನ್ನು ಪರೀಕ್ಷೆಗೆ ಕೂರಿಸಿದ್ದೆ

ಪಾರ್ಶ್ವವಾಯುವಿನಿಂದ ಎದ್ದು ಅಮ್ಮ ನಡೆದಾಡತೊಡಗಿದಳು, ಮಾತು ಮಾತ್ರ ಪೂರ್ತಿ ಮರಳಲಿಲ್ಲ. ಅಫೇಸಿಯಾ ಎಂದರು ಡಾಕ್ಟರು. ಮಿದುಳಿನ ಎಡಭಾಗದಲ್ಲಿ ಭಾಷೆಗೆ ಸಂಬಂಧಿಸಿದ ಜಾಗಕ್ಕೆ ರಕ್ತ ಹೋಗದೆ ಪೆಟ್ಟಾಗಿತ್ತು. ಬುದ್ಧಿ ನೆಟ್ಟಗಿದೆ, ಪದ ಸಿಗುತ್ತಿಲ್ಲ ಅಷ್ಟೇ ಎಂದು ಅವರು ಬಿಡಿಸಿ ಹೇಳಿದ್ದರು. ಕೇಳಿಸಿಕೊಂಡೆ, ಮನೆಗೆ ಬಂದು ಅದಕ್ಕೆ ಉಲ್ಟಾ ನಡೆದುಕೊಂಡೆ.

ಮಕ್ಕಳ ಅಕ್ಷರಮಾಲೆ ತಂದು ಅರಸ, ಆನೆ, ಇಲಿಯ ಮೇಲೆ ಬೆರಳಿಟ್ಟು ‘ಇದೇನಮ್ಮಾ? ಹೇಳು, ನಿಂಗೊತ್ತು’ ಎಂದು ಒತ್ತಾಯಿಸುತ್ತಿದ್ದೆ. ಲಟ್ಟಣಿಗೆ ತೋರಿಸಿದರೆ ‘ಸೌಟು’ ಅನ್ನುತ್ತಿದ್ದಳು. ತಪ್ಪೆಂದು ಅವಳಿಗೂ ಗೊತ್ತಾಗಿ ಮುಖ ಕೆಂಪಾಗುತ್ತಿತ್ತು. ದೇವರನಾಮ ಸರಾಗವಾಗಿ ಹಾಡುವವಳಿಗೆ ಲಟ್ಟಣಿಗೆ ಅನ್ನಲು ಬಾರದೇ, ಇದು ಹಟವೇ ಸರಿ ಎಂದುಕೊಂಡೆ. ಬಾಯಿಪಾಠದ ಹಾಡು, ವಾರದ ಹೆಸರು ಇಂಥವರಲ್ಲಿ ಎಷ್ಟೋ ಸಲ ಉಳಿದುಕೊಳ್ಳುತ್ತವೆ ಎಂದು ಆಗ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲೇ ಹಿಡಿದು ‘ಹೆಸರು ಹೇಳಿದ್ರೆ ಕೊಡ್ತೀನಿ’ ಅಂದೆ. ಅಮ್ಮ ಎದ್ದು ಒಳಗೆ ಹೋದಳು. ಆಮೇಲೆ ಬಹಳ ದಿನ ನನ್ನೆದುರು ಬಾಯಿ ತೆರೆಯಲಿಲ್ಲ. ಇದ್ದ ನಾಲ್ಕು ಮಾತನ್ನೂ ನಾನೇ ನಿಲ್ಲಿಸಿಬಿಟ್ಟಿದ್ದೆ.

ವಾಕ್ ಚಿಕಿತ್ಸಕಿ ಎಲ್ಲ ಕೇಳಿ, ‘ಇದು ಬರೀ ಪರೀಕ್ಷೆ ಆಯ್ತಲ್ಲ, ಅಭ್ಯಾಸ ಎಲ್ಲಿ?’ ಎಂದರು. ಪದ ಬಾರದಿದ್ದರೆ ಅದರ ಸುತ್ತ ಹೋಗಬೇಕು: ಇದರಿಂದ ಏನು ಮಾಡ್ತೀವಿ, ಎಲ್ಲಿಡ್ತೀವಿ, ಮರದ್ದಾ ಸ್ಟೀಲಿಂದಾ? ಆಗಲೂ ಬರದಿದ್ದರೆ ವಾಕ್ಯವನ್ನು ಅರ್ಧಕ್ಕೆ ಬಿಡಬೇಕು, ‘ಚಪಾತಿ ಒತ್ತೋಕೆ ಬೇಕು...’ ಎಂದು. ಆಮೇಲೆ ‘ಲ’ ಅನ್ನುವ ಮೊದಲ ಅಕ್ಷರ. ಅದಕ್ಕೂ ಆಗದಿದ್ದರೆ ನಾವೇ ಹೇಳಿ, ಜೊತೆಗೆ ಹೇಳಿಸಿ, ಮುಂದಕ್ಕೆ ಹೋಗಬೇಕು. ನಡುವೆ ಸುಮ್ಮನೆ ಕಾಯಬೇಕು. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ.

ಓದಿಗೆ ಅವಳು ಮೊದಲಿನಿಂದ ನೋಡುತ್ತಿದ್ದ ದಿನಪತ್ರಿಕೆಯೇ ಸಾಕಾಯಿತು. ಮಳೆ ಸುದ್ದಿ, ನಿಧನ ವಾರ್ತೆ, ಅವಳಿಗೆ ಬೇಕಾದದ್ದು. ಅದೇ ನಾಲ್ಕು ಸಾಲನ್ನು ಇಬ್ಬರೂ ಬೆರಳು ಸರಿಸುತ್ತಾ ಒಟ್ಟಿಗೆ, ಮತ್ತೆ ಮತ್ತೆ ಗಟ್ಟಿಯಾಗಿ ಓದುತ್ತೇವೆ. ಒತ್ತಕ್ಷರ ಬಂದಲ್ಲಿ ಇವತ್ತಿಗೂ ತಡವರಿಸುತ್ತಾಳೆ. ದಣಿದಳು ಅನ್ನಿಸಿದರೆ ನಿಲ್ಲಿಸುತ್ತೇನೆ.

ನಿಮ್ಮ ಮನೆಯಲ್ಲೂ ಸ್ಟ್ರೋಕ್ ಆದವರು ಪದಕ್ಕಾಗಿ ತಡಕಾಡುತ್ತಿದ್ದರೆ, ಪುಸ್ತಕ ತರುವ ಮೊದಲು ವಾಕ್ ಚಿಕಿತ್ಸಕರನ್ನು ಕಾಣಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದಯವಿಟ್ಟು ತಡ ಮಾಡಬೇಡಿ.