ಹೊಳೆಯ ಆಚೆಯೋ, ಈಚೆಯೋ?

ಹಂಪಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾದಾಗ ಆನ್‌ಲೈನ್‌ನಲ್ಲಿ ಕೋಣೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ‘ವಿರೂಪಾಕ್ಷ ಗುಡಿಗೆ 3 ಕಿಲೋಮೀಟರ್ ಅಷ್ಟೇ’ ಎಂದಿತ್ತು ಒಂದು ಕಡೆ, ಬಾಡಿಗೆಯೂ ಕಡಿಮೆ. ನಕ್ಷೆ ತೆರೆದರೆ ನಡುವೆ ತುಂಗಭದ್ರೆ! ದೋಣಿ ಹಗಲಿಗಷ್ಟೇ, ಹೊಳೆ ತುಂಬಿದರೆ ಅದೂ ಇಲ್ಲ. ಇನ್ನು ರಸ್ತೆಯಲ್ಲಿ ಹೋದರೆ ಸೇತುವೆ ಬಳಸಿ ದೊಡ್ಡ ಸುತ್ತು. ಮಂಡಿನೋವಿನ ಅಜ್ಜಿಗೆ ಅದು ಆಗದ ಮಾತು. ಹಂಪಿಯಿಂದ ಸುಮಾರು 13 ಕಿಲೋಮೀಟರ್ ದೂರದ ಹೊಸಪೇಟೆಯೇ ವಾಸಿ ಎನಿಸಿತು, ಅಲ್ಲಿಂದ ಬಸ್ಸುಗಳಿವೆ.

ಹಣ ಕಟ್ಟುವ ಮುನ್ನ ಹೋಟೆಲಿಗೇ ಫೋನ್ ಮಾಡಿ ಕೇಳಿದೆ: ನೆಲ ಅಂತಸ್ತಿನಲ್ಲಿ ಕೋಣೆ ಇದೆಯೇ? ತೆರಿಗೆ ಸೇರಿ ಎಷ್ಟು? ಯಾವ ದಿನದೊಳಗೆ ರದ್ದು ಮಾಡಿದರೆ ಹಣ ವಾಪಸ್?

ಫೋನಿನಲ್ಲಿ ಯಾರಾದರೂ ಒಟಿಪಿ ಕೇಳಿದರೆ ಮಾತ್ರ ಕೊಡಬೇಡಿ. ಮಕ್ಕಳೇ, ಮೊಬೈಲ್ ಒತ್ತುವ ಬೆರಳು ನಿಮ್ಮದಿರಲಿ; ಪ್ರಶ್ನೆಗಳನ್ನು ಅಜ್ಜಿಯಿಂದ ಕೇಳಿ ಬರೆದುಕೊಳ್ಳಿ.