ಮನಿ ಎಷ್ಟರ ಮ್ಯಾಲೈತಿ?

ಬಸವನಬಾಗೇವಾಡಿ ಸೀಮೆಯ ಒಂದು ಪುನರ್ವಸತಿ ಕೇಂದ್ರ. ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ ರಜೆಗೆ ಬಂದು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಹಳೆಯ ತಗಡಿನ ಮನೆ ಕೆಡವಿ ಹೊಸದು ಕಟ್ಟಲು ಅಪ್ಪ ವರ್ಷಗಟ್ಟಲೆ ದುಡ್ಡು ಕೂಡಿಸಿದ್ದರು. ನಕ್ಷೆ ಮಗನದೇ ಆಗಬೇಕೆಂಬುದು ಅವರ ಹಟ. ರೆವಿಟ್ ಎಂಬ ತಂತ್ರಾಂಶದಲ್ಲಿ ಮನೆ ಚೆಂದಾಗಿಯೇ ಎದ್ದಿತ್ತು. ಸರ್ವೆಯವರು ಅಳೆದುಕೊಟ್ಟ ಜಾಗದ ಏರುತಗ್ಗನ್ನು ಅದರೊಳಗೆ ತಂದದ್ದೇ ತಡ, ಮನೆ ಕಾಣೆಯಾಯಿತು.

ಹೋಗಿದ್ದೆಲ್ಲಿಗೆ? ಮನೆ ತನ್ನ ಸೊನ್ನೆಯ ಮೇಲೇ ನಿಂತಿತ್ತು. ನೆಲ ಮಾತ್ರ ಲೋಕದ ಸೊನ್ನೆಯಿಂದ ಎಣಿಸಿಕೊಂಡು ಬಲು ದೂರ ಕೂತಿತ್ತು. ಸರ್ವೆಯ ಅಂಕಿಗಳು ಯುಟಿಎಂ ಪದ್ಧತಿಯವು. ವಿಜಯಪುರ ಜಿಲ್ಲೆ ಅದರ 43ನೇ ವಲಯದಲ್ಲಿ ಬರುತ್ತದೆ. ಅಲ್ಲಿ ಉತ್ತರದ ಲೆಕ್ಕ ಭೂಮಧ್ಯರೇಖೆಯಿಂದ ಶುರು, ಹೀಗಾಗಿ ಒಂದೊಂದು ಬಿಂದುವಿನ ಹಿಂದೆಯೂ 18 ಲಕ್ಷ ಮೀಟರಿನ ಬಾಲ. ರೆವಿಟ್‌ಗಾದರೋ ತನ್ನ ಸೊನ್ನೆಯಿಂದ 16 ಕಿಲೋಮೀಟರ್ ದಾಟಿದರೆ ಲೆಕ್ಕದ ಹದ ತಪ್ಪುತ್ತದೆ. ವಿದ್ಯಾರ್ಥಿಗಳು ಎಡವುವುದು ಇಲ್ಲೇ. ನೆಲವನ್ನು ಮೌಸಿನಿಂದ ಎಳೆತಂದು ಮನೆಯಡಿ ತುರುಕಿ ಕೈತೊಳೆದುಕೊಳ್ಳುತ್ತಾರೆ. ಕಣ್ಣಿಗೆ ಸರಿ ಕಾಣುತ್ತದೆ, ಮಟ್ಟ ಹಾಳಾಗಿರುತ್ತದೆ. ಮಾಡಬೇಕಾದ್ದು ಮನೆಗೆ ಅದರ ವಿಳಾಸ ಹೇಳುವ ಕೆಲಸ: ಈ ಮೂಲೆಯೆಂದರೆ ಇಷ್ಟು ಪೂರ್ವ, ಇಷ್ಟು ಉತ್ತರ, ಇಷ್ಟು ಎತ್ತರ, ಉತ್ತರ ದಿಕ್ಕಿಗೆ ಇಷ್ಟು ಓರೆ.

ಹುಡುಗ ಹಾಗೇ ಮಾಡಿದ. ಮನೆ ಬಂದು ನೆಲದ ಮೇಲೆ ಕೂತಿತು. ಅಪ್ಪ ಹಿಂದಿನಿಂದ ಬಗ್ಗಿ ನೋಡಿ, "ಎಷ್ಟರ ಮ್ಯಾಲೈತಿ?" ಎಂದರು.

"ನಾಕ್ನೂರಾ ಐವತ್ತೆಂಟು ಮೀಟರ್, ಅಪ್ಪಾ."

ಅಪ್ಪ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಮತ್ತ ಮುಳುಗಿಸಿದೇನೋ ತಮ್ಮಾ?"

ಕಂಪ್ಯೂಟರ್ ಮುಟ್ಟದ ಅವರಿಗೆ ಎರಡು ಅಂಕಿ ಬಾಯಿಪಾಠ: 519.60 ಮತ್ತು 524.256. ಮೊದಲನೆಯದು ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವ ಮಟ್ಟ, ಎರಡನೆಯದು 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣ ಒಪ್ಪಿದ ಮಟ್ಟ. ಎರಡೂ ಸಮುದ್ರದಿಂದ ಎಣಿಸಿದ ಮೀಟರುಗಳು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಆ ಅಣೆಕಟ್ಟೆಯ ಹಿನ್ನೀರಿನಲ್ಲೇ ಅವರ ಹಳೆಯ ಊರು ಹೋದದ್ದು. ಈ ಭಾಗದವರಿಗೆ ಮಟ್ಟದ ಮಾತು ಪುಸ್ತಕದ್ದಲ್ಲ. ನಾರಾಯಣಪುರದ ಹಿನ್ನೀರು ಮುದ್ದೇಬಿಹಾಳದ ಹೊಲಗಳಿಗೆ ಬಂದದ್ದು, ಎಡದಂಡೆಯಿಂದ ಕವಲೊಡೆದ ಕಾಲುವೆ ಸಿಂದಗಿ, ಇಂಡಿ ಕಡೆ ತಿರುಗಿದ್ದು, ಬಾಗೇವಾಡಿಯ ದಿನ್ನೆಗಳಿಗೆ ಮುಳವಾಡ ಏತ ನೀರಾವರಿಯ ಪಂಪು ಬೇಕಾದದ್ದು, ಎಲ್ಲ ಅದರದೇ ಲೆಕ್ಕ.

ಮಗ ಸರ್ವೆಯ ಕಾಗದ ತಿರುವಿ ಹಾಕಿದ. ಎತ್ತರ ಜಿಪಿಎಸ್‌ನದು. ಜಿಪಿಎಸ್ ಅಳೆಯುವುದು ಸಮುದ್ರಮಟ್ಟದಿಂದಲ್ಲ, ಭೂಮಿಗೆ ಹೊಂದಿಸಿದ ಒಂದು ನುಣುಪಾದ ಗಣಿತದ ಗುಂಡಿನಿಂದ. ಈ ಭಾಗದಲ್ಲಿ ಸಮುದ್ರಮಟ್ಟ ಆ ಗುಂಡಿಗಿಂತ ಎಪ್ಪತ್ತು ಮೀಟರಿನ ಆಸುಪಾಸು ಕೆಳಗಿದೆ. ಅದನ್ನು ಕೂಡಿಸದೆ ಕೊಟ್ಟಿದ್ದರು. ಮನೆಯೂ ನೆಲವೂ ಒಟ್ಟಿಗೇ ಕೆಳಗಿಳಿದಿದ್ದರಿಂದ ಪರದೆಯಲ್ಲಿ ಯಾವ ಕೊಂಕೂ ಕಂಡಿರಲಿಲ್ಲ. ಅಪ್ಪ ಕೇಳದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ.

ಮರುದಿನ ಅಪ್ಪನೇ ದಾರಿ ತೋರಿಸಿದರು. ರಸ್ತೆಯ ಸೇತುವೆ ಬದಿ, ಜಾಲಿಕಂಟಿಯೊಳಗೆ, ಮಟ್ಟ ಕೆತ್ತಿದ ಕಲ್ಲೊಂದಿತ್ತು. ಊರವರು ದುರ್ಬೀನು ಎನ್ನುವ ಆಟೋ ಲೆವೆಲನ್ನು ಬಾಡಿಗೆಗೆ ತಂದು, ಕಲ್ಲಿನಿಂದ ಮನೆಯಂಗಳದವರೆಗೆ ಹಂತ ಹಂತವಾಗಿ ಮಟ್ಟ ತಂದರು. ಕೋಲು ಹಿಡಿದವರು ಅಪ್ಪ. ಬಿಸಿಲಿನಲ್ಲಿ ಅಲುಗದೆ ನಿಂತರು. ಕಾಲೇಜಿನ ಗೆಳೆಯರಾಗಿದ್ದರೆ ಹತ್ತು ಸಲ ಅಲುಗುತ್ತಿದ್ದರು. ವಾಪಸು ಕಲ್ಲಿಗೆ ಬಂದು ತಾಳೆ ನೋಡಿದಾಗ ವ್ಯತ್ಯಾಸ ಮಿಲಿಮೀಟರುಗಳಲ್ಲಿ ಉಳಿದಿತ್ತು.

ಸಂಜೆ ಹೊಸ ಅಂಕಿ ಹಾಕಿದ: 531. ಅಪ್ಪನ ಆಸೆಯಂತೆ 524.256ಕ್ಕೆ ನೀಲಿ ಹಾಳೆಯೊಂದನ್ನೂ ಹಾಸಿದ. ಅದು ಮನೆಗಿಂತ ಸುಮಾರು ಏಳು ಮೀಟರ್ ಕೆಳಗೆ ಹಾದುಹೋಯಿತು.

"ಎಷ್ಟು ಮೊಳ ಆಕ್ಕೈತಿ?"

"ಹದಿನೈದು."

ಅಪ್ಪ ಮೊಣಕೈಯಿಂದ ಬೆರಳ ತುದಿಯವರೆಗೆ ಗೋಡೆಯ ಮೇಲೆ ಅಳೆಯುತ್ತ ಹೋದರು. ಸೂರು ಮುಟ್ಟಿದರೂ ಲೆಕ್ಕ ತೀರಲಿಲ್ಲ. ಸಮಾಧಾನವಾದಂತೆ ಕಂಡಿತು. ಮತ್ತೆ ಕೂತು, "ಹಳೀ ಮನಿ ಎಲ್ಲಿ ಬರತೈತಿ?" ಎಂದರು.

ಮಗ ಚಿತ್ರವನ್ನು ಹೊಳೆಯ ಕಡೆ ಸರಿಸಿದ. ಅಳತೆ ಹಿತ್ತಲ ಬೇಲಿಗೇ ಮುಗಿದಿತ್ತು. ಅಪ್ಪ ಪರದೆ ದಾಟಿ, ಮೇಜಿನ ಹಲಗೆಯ ಮೇಲೆ ಬೆರಳಿಟ್ಟರು. "ಇಲ್ಲಿ."