ಸೂಜಿಯ ಮೇಲೆ ಸಿಟ್ಟು ಬೇಡ, ಮಾವ

ಬೆಂಗಳೂರು

ಪ್ರೀತಿಯ ಮಾವನಿಗೆ,

ಹಾರ್ಟ್ ಅಟ್ಯಾಕಾಗಿ ಆಸ್ಪತ್ರೆ ಸೇರಿದ್ದ ನೀವು ಮನೆಗೆ ಬಂದವರೇ ಬಿಸಿ ರೊಟ್ಟಿ ಕೇಳಿದಿರಂತೆ. ಅತ್ತೆ ಫೋನಿನಲ್ಲಿ ಹೇಳಿದಾಗ ಜೀವಕ್ಕೆ ಸಮಾಧಾನವಾಯಿತು. ಆಮೇಲೆ ಅವರೇ ಇನ್ನೊಂದು ಸುದ್ದಿ ಹೇಳಿದರು. ನೋಡಲು ಬಂದವರಿಗೆಲ್ಲ ನೀವು "ನಾ ನಡಕೋತ ಹೋಗಿದ್ದೆ, ಸೂಜಿ ಹಾಕಿದ ಮ್ಯಾಲೇ ಎದಿ ಕೆಟ್ಟಿದ್ದು" ಅನ್ನುತ್ತಿದ್ದೀರಂತೆ. ಕೊಟ್ಟೂರಿನಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತ ಆಡಿದ ಮಾತು ಸಂಜೆಯೊಳಗೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಮುಟ್ಟಿರುತ್ತದೆ. ಅದಕ್ಕೇ ಈ ಕಾಗದ. ಫೋನಿನಲ್ಲಿ ನೀವು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ.

ನಿಮ್ಮ ಮಾತು ಪೂರ್ತಿ ಸುಳ್ಳಲ್ಲ, ತೊಡಕಿರುವುದೇ ಅಲ್ಲಿ. ಹೃದಯದ ರಕ್ತನಾಳದಲ್ಲಿ ಹೆಪ್ಪು ಕೂತರೆ ಅದರಾಚೆಯ ಮಾಂಸ ಒಮ್ಮೆಲೇ ಸಾಯುವುದಿಲ್ಲ. ಸಾವು ಒಳಪದರದಲ್ಲಿ ಶುರುವಾಗಿ ಗಂಟೆಗಟ್ಟಲೆ ಹೊರಪದರದತ್ತ ಸರಿಯುತ್ತದೆ. ಉಳಿದ ಜೀವಕೋಶಗಳು ಉಸಿರಿಲ್ಲದೆ, ಶಕ್ತಿ ಮುಗಿದು, ಆಮ್ಲ ತುಂಬಿಕೊಂಡು ಹೇಗೋ ಹಿಡಿದುಕೊಂಡಿರುತ್ತವೆ. ಆಗ ಸೂಜಿಯ ಔಷಧದಿಂದ ಹೆಪ್ಪು ಕರಗಿ ರಕ್ತ ನುಗ್ಗುತ್ತದೆ. ಆಮ್ಲ ತೊಳೆದುಹೋಗುತ್ತದೆ, ಕ್ಯಾಲ್ಸಿಯಂ ಅಳತೆ ಮೀರಿ ಒಳಗೆ ಸೇರುತ್ತದೆ, ಹೊಸದಾಗಿ ಬಂದ ಆಮ್ಲಜನಕವೇ ಕೆಲವು ಕಡೆ ವಿಷಕಾರಿ ಕಣಗಳನ್ನು ಹುಟ್ಟಿಸುತ್ತದೆ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯದ ಗೋಡೆಯಲ್ಲಿ ರಂಧ್ರ ತೆರೆಯುತ್ತದೆ. ಇದೆಲ್ಲ ಮೊದಲ ಕೆಲವು ನಿಮಿಷಗಳ ಆಟ. ಅಲ್ಲಿಯವರೆಗೆ ಬದುಕಿದ್ದ ಒಂದಷ್ಟು ಮಾಂಸ ಆ ಹೊತ್ತಿನಲ್ಲೇ ಹೋಗುತ್ತದೆ.

ನಮ್ಮ ಹೊಲದ ಬೋರಿನ ಮೋಟಾರು ನೆನಪಿದೆಯಲ್ಲ? ಕರೆಂಟು ಹೋದಾಗ ಸುಡಲಿಲ್ಲ, ಬಂದಾಗ ಸುಟ್ಟಿತು. ಹಾಗಂತ ನೀವು ಕೆಇಬಿಯವರಿಗೆ ಕರೆಂಟೇ ಬೇಡ ಎಂದು ಅರ್ಜಿ ಕೊಡಲಿಲ್ಲ.

ರಕ್ತ ಮರಳಿಸುವ ಹೊತ್ತಿನ ಈ ಪೆಟ್ಟು ನಾಯಿಗಳ ಹೃದಯದಲ್ಲಿ ಕಂಡದ್ದು 1960ರಲ್ಲಿ, ಅಮೆರಿಕದ ವಿಜ್ಞಾನಿ ಜೆನ್ನಿಂಗ್ಸ್ ಮತ್ತು ಸಂಗಡಿಗರಿಗೆ. ತಡೆಯುವ ದಾರಿಯೂ ಅದೇ ಗುಂಪಿಗೆ 1986ರಲ್ಲಿ ಹೊಳೆದಂತಾಯಿತು. ನಾಳವನ್ನು ಐದೈದು ನಿಮಿಷ ನಾಲ್ಕು ಸಲ ಕಟ್ಟಿ ಬಿಚ್ಚಿ, ಆಮೇಲೆ ನಲವತ್ತು ನಿಮಿಷ ಕಟ್ಟಿದಾಗ ಸತ್ತ ಮಾಂಸ ಕಾಲು ಭಾಗಕ್ಕೆ ಇಳಿದಿತ್ತು. ಸಣ್ಣ ಸಂಕಟ ಕಂಡ ಹೃದಯ ದೊಡ್ಡ ಸಂಕಟ ತಡೆಯುತ್ತದೆ! ಓದುವಾಗ ನನಗೆ ರೋಮಾಂಚನವಾಗಿತ್ತು. ಆದರೆ ಹಾರ್ಟ್ ಅಟ್ಯಾಕು ಹೇಳಿ ಕೇಳಿ ಬರುವುದಿಲ್ಲವಲ್ಲ. ಹಾಗಾಗಿ ರೋಗಿಯ ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಉಬ್ಬಿಸಿ, ಇಳಿಸಿ, ಅಲ್ಲಿಂದಲೇ ಹೃದಯವನ್ನು ಹದಗೊಳಿಸಲು ನೋಡಿದರು. 2019ರಲ್ಲಿ ಯೂರೋಪಿನ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಬಂತು. ಏನೂ ಉಪಯೋಗವಿಲ್ಲ. ಮೈಟೊಕಾಂಡ್ರಿಯದ ರಂಧ್ರ ಮುಚ್ಚುತ್ತದೆಂದು ಸೈಕ್ಲೋಸ್ಪೊರಿನ್ ಔಷಧ ಕೊಟ್ಟರು. 2008ರ ಸಣ್ಣ ಪ್ರಯೋಗದಲ್ಲಿ ಗೆದ್ದದ್ದು 2015ರ ದೊಡ್ಡದರಲ್ಲಿ ಸೋತಿತು. ಪ್ರಯೋಗದ ಎಳೆಯ ನಾಯಿ, ಹಂದಿಗಳ ಹೃದಯವೇ ಬೇರೆ. ಶುಗರು, ಬಿಪಿ, ಮೂವತ್ತು ವರ್ಷದ ಬೀಡಿ ಎಲ್ಲ ಕೂಡಿದ ನಿಮ್ಮಂಥವರ ಹೃದಯವೇ ಬೇರೆ.

ಹಾಗಿದ್ದರೆ ಸೂಜಿ ಏಕೆ ಅಂತೀರಿ. 1988ರ ಒಂದು ಲೆಕ್ಕ ಕೇಳಿ. 17,187 ರೋಗಿಗಳ ಪರೀಕ್ಷೆ ಅದು. ಹೆಪ್ಪು ಕರಗಿಸುವ ಔಷಧವೂ ಆಸ್ಪಿರಿನ್ನೂ ಎರಡೂ ಸಿಗದವರಲ್ಲಿ ಐದು ವಾರದೊಳಗೆ ನೂರಕ್ಕೆ 13 ಜನ ಸತ್ತರು. ಎರಡೂ ಸಿಕ್ಕವರಲ್ಲಿ 8. ರಕ್ತ ಮರಳುವಾಗಿನ ಪೆಟ್ಟೂ ಸೇರಿಯೇ ಈ ಲೆಕ್ಕ, ಮಾವ.

ನಿಮಗೆ ಕೊಟ್ಟದ್ದು ಟೆನೆಕ್ಟಿಪ್ಲೇಸ್, ಮೈತೂಕ ನೋಡಿ ಒಂದೇ ಸಲಕ್ಕೆ ಕೊಡುವ ಸೂಜಿ. ಹೊರಗೆ ಕೊಳ್ಳಲು ಹೋದರೆ ಹತ್ತಾರು ಸಾವಿರ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ಹೃದ್ರೋಗ ತಜ್ಞರಿಗೆ ತೋರಿಸಿ, ಇದನ್ನು ಪುಕ್ಕಟೆ ಕೊಡುತ್ತಾರೆ. ಹಡಗಲಿ, ಹರಪನಹಳ್ಳಿ ಕಡೆಯವರು ನಾಳ ತೆರೆದಿಡುವ ಸ್ಟೆಂಟಿಗೆಂದು ದಾವಣಗೆರೆಗೋ ಹುಬ್ಬಳ್ಳಿಗೋ ಬಳ್ಳಾರಿಗೋ ಓಡಬೇಕು. ಆ ದಾರಿಯುದ್ದಕ್ಕೂ ಮಾಂಸ ಸಾಯುತ್ತಲೇ ಇರುತ್ತದೆ. ಮೊದಲು ಸೂಜಿ, ಆಮೇಲೆ ಒಂದು ದಿನದೊಳಗೆ ಆಂಜಿಯೋಗ್ರಾಮ್ ಎಂಬ ಕ್ರಮ ಇಂಥ ಊರುಗಳಿಗೇ ಹೇಳಿ ಮಾಡಿಸಿದ್ದು.

ಸೂಜಿ ಹಾಕಿದ ಮೇಲೆ ನೀವು ಹೆದರಿದ್ದು ಮಾನಿಟರಿನ ಗೆರೆ ಅಡ್ಡಾದಿಡ್ಡಿ ಓಡಿದಾಗ, ನರ್ಸಮ್ಮ ಓಡಿ ಬಂದಾಗ. ಆಸ್ಪತ್ರೆಗೆ ಹೋದಾಗ ಇದ್ದ ಎದೆನೋವು ಅದೇ ಹೊತ್ತಿಗೆ ಇಳಿಯಿತೆಂದು ಅತ್ತೆಯೇ ಹೇಳಿದರು. ನಾಳ ತೆರೆದಾಗ ಬಡಿತ ಹಾಗೆ ತಪ್ಪುವುದುಂಟು, ಬಹಳ ಸಲ ತಾನಾಗಿಯೇ ಸರಿಹೋಗುತ್ತದೆ. ನರ್ಸಮ್ಮ ಓಡಿ ಬಂದದ್ದು ಅಪರೂಪಕ್ಕೆ ಅದು ಸರಿಹೋಗದಿದ್ದರೆ ಶಾಕ್ ಕೊಡಬೇಕಾಗುತ್ತದೆಂದು. ಅವರ ಮೇಲೆ ಕೋಪ ಬೇಡ.

ನಿಜವಾಗಿ ಕೆಡಿಸಿದ್ದು ಎದೆನೋವು ಶುರುವಾದ ಆ ರಾತ್ರಿ. ಗ್ಯಾಸೆಂದು ಸೋಡಾ ಕುಡಿದು, ಬೆನ್ನಿಗೆ ಬಾಮು ತಿಕ್ಕಿಸಿಕೊಂಡು, ಬೆಳಗಿನ ಬಸ್ಸಿಗೆ ಕಾದಿರಲ್ಲ! 108ಕ್ಕೆ ಫೋನು ಮಾಡಿದ್ದರೆ ಇಷ್ಟು ಮಾಂಸ ಹೋಗುತ್ತಿರಲಿಲ್ಲ. ಬೈಯಬೇಕೆಂದಿದ್ದೆ, ಬೈದಾಯಿತು.

ಎಕೋದಲ್ಲಿ ಹೃದಯದ ಪಂಪಿಂಗ್ ಶೇಕಡಾ ನಲವತ್ತು ಎಂದು ಬರೆದದ್ದನ್ನು ಎದೆಗೆ ಹಚ್ಚಿಕೊಳ್ಳಬೇಡಿ. ಪೆಟ್ಟು ತಿಂದ ಮಾಂಸವೆಲ್ಲ ಸತ್ತಿರುವುದಿಲ್ಲ. ಸ್ವಲ್ಪ ಮಂಕಾಗಿ ಕೂತಿರುತ್ತದೆ, ದಿನಗಳೋ ವಾರಗಳೋ ಕಳೆದು ಚೇತರಿಸಿಕೊಳ್ಳುತ್ತದೆ. ಅದಕ್ಕೇ ಡಾಕ್ಟರು ಒಂದೂವರೆ ತಿಂಗಳಾದ ಮೇಲೆ ಮತ್ತೆ ಎಕೋ ಮಾಡಿಸಿ ಅಂದಿರುವುದು. ಅಲ್ಲಿಯವರೆಗೆ ಒಂದು ಗುಳಿಗೆಯನ್ನೂ ತಪ್ಪಿಸಬೇಡಿ. ನಿಮಗೆ ಹಾಕಿದ ಸ್ಟೆಂಟಿನಲ್ಲಿ ಮತ್ತೆ ಹೆಪ್ಪು ಕಟ್ಟದಂತೆ ಕೊಟ್ಟ ಎರಡು ಗುಳಿಗೆಗಳನ್ನಂತೂ ಹೃದಯದ ಡಾಕ್ಟರನ್ನು ಕೇಳದೆ, ಯಾರು ಹೇಳಿದರೂ ಬಿಡಬೇಡಿ. ಬೀಡಿಯ ಮಾತು ಅತ್ತೆಗೆ ಬಿಟ್ಟಿದ್ದೇನೆ.

ಎಕೋಗೆ ಹೋಗುವಾಗ ಮೊದಲ ದಿನದ ಇಸಿಜಿ ಕಾಗದವನ್ನು ಮರೆಯದೆ ಒಯ್ಯಿರಿ. ಅದು ಬಿಸಿಲಿಗೆ, ಬಿಸಿಗೆ ಮಾಸಿಹೋಗುವ ಕಾಗದ. ಕಿಟಕಿಯ ಹತ್ತಿರ ಮೊಳೆಗೆ ಚುಚ್ಚಿಟ್ಟಿದ್ದಾರೆಂದು ತಮ್ಮ ಹೇಳಿದ. ಇವತ್ತೇ ತೆಗೆಸಿ, ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ನನಗೆ ವಾಟ್ಸಾಪ್ ಮಾಡಲು ಹೇಳಿ.

ಇಂತಿ
ನಿಮ್ಮ ಅಕ್ಕನ ಮಗಳು